ಗಟ್ಟಿ ನೆಲವೂ ನಡುಗುವುದು

ಭೂಗೋಳಶಾಸ್ತ್ರವೆಂದರೆ ರಾಜಧಾನಿಗಳನ್ನೂ ನದಿಗಳನ್ನೂ ಬಾಯಿಪಾಠ ಮಾಡುವ ವಿಷಯವೆಂಬ ಭಾವನೆ ನಮ್ಮಲ್ಲಿ ಹಲವರಿಗುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. "ಭೂಗೋಳ ಓದಿದರ ಮನೀಗೇನು ಬಂತೋ ತಮ್ಮಾ?" ಎಂದು ತಂದೆಯವರು ಕೇಳುವುದುಂಟು. ಭೂಕಂಪವೆಂಬ ಒಂದೇ ವಿಷಯವನ್ನು ತೆಗೆದುಕೊಂಡು ಉತ್ತರ ಹೇಳಲು ಇಲ್ಲಿ ಯತ್ನಿಸಿದ್ದೇನೆ.

ನಮ್ಮ ದಖ್ಖನ್ ಪ್ರಸ್ಥಭೂಮಿಯ ಬುನಾದಿ ಅತಿ ಪ್ರಾಚೀನ ಶಿಲೆಗಳದು. ಹಿಮಾಲಯ ನಡುಗಬಹುದು, ದಖ್ಖನ್ ನಡುಗದು ಎಂದು ಬಹುಕಾಲ ನಂಬಲಾಗಿತ್ತು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ಪ್ರದೇಶ ಕಂಪಿಸಿದಾಗ ಆ ನಂಬಿಕೆ ಅಲುಗಿತು. ಅಲ್ಲಿಯ ಜಲಾಶಯದ ನೀರೇ ಅದಕ್ಕೆ ಪ್ರಚೋದನೆಯೆಂದು ವಿಜ್ಞಾನಿಗಳು ವಿವರಿಸಿದರು. ಮುಂದೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಹಿಂದಿನ ದಿನವಷ್ಟೇ ಗಣಪತಿಯನ್ನು ಕಳುಹಿಸಿ ಜನ ಮಲಗಿದ್ದರು. ಕಿಲ್ಲಾರಿ ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಿಗೆ ದೂರದ ಊರೇನಲ್ಲ. ಆ ರಾತ್ರಿಯನ್ನು ನಮ್ಮೂರ ಹಿರಿಯರು ಇಂದಿಗೂ ನೆನೆಯುತ್ತಾರೆ.

ಗಟ್ಟಿ ನೆಲ ನಡುಗಿದ್ದೇಕೆ? ಭಾರತವನ್ನು ಹೊತ್ತ ಭೂಫಲಕವು ವರುಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತ ಏಷ್ಯಾ ಖಂಡವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಿಯೇ ಮುಗಿಯದೆ ಫಲಕದ ಒಳಭಾಗಕ್ಕೂ ಹಬ್ಬುತ್ತದೆ. ಒಳಗಿನ ಹಳೆಯ ಬಿರುಕೊಂದು ಅದನ್ನು ತಾಳಲಾರದೆ ಜಾರಿದಾಗ ನೆಲ ಕಂಪಿಸುತ್ತದೆ.

ಇನ್ನು ಹಾನಿಯ ವಿಚಾರ. ಕಿಲ್ಲಾರಿ ಭೂಕಂಪದ ಪ್ರಮಾಣ 6.2, 2001ರ ಜನವರಿ 26ರ ಭುಜ್ ಭೂಕಂಪದ್ದು 7.7. ಪ್ರಮಾಣ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುವುದರಿಂದ, ಭುಜ್‌ನಲ್ಲಿ ಹೊರಬಿದ್ದ ಶಕ್ತಿ ನೂರು ಪಟ್ಟಿಗೂ ಮಿಗಿಲು. ಆದರೂ ಕಿಲ್ಲಾರಿ ಪ್ರದೇಶದಲ್ಲಿ ಸತ್ತವರು ಹತ್ತು ಸಾವಿರದಷ್ಟು! ಕಂಪನದ ಮೂಲ ನೆಲದಡಿ ಹೆಚ್ಚು ಆಳದಲ್ಲಿರಲಿಲ್ಲ, ಜನ ಗಾಢನಿದ್ರೆಯಲ್ಲಿದ್ದರು, ಎಲ್ಲಕ್ಕೂ ಮಿಗಿಲಾಗಿ ಮನೆಗಳೇ ಮೃತ್ಯುವಾದವು.

ಆ ಮನೆಗಳು ನಮ್ಮ ಮನೆಗಳಂಥವೇ. ಕೆಸರಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆ ಬೇಸಿಗೆಯಲ್ಲಿ ತಂಪು, ಬಡವನಿಗೆ ಕೈಗೆಟಕುವಂಥದು. ಆದರೆ ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು ಹಾಕುತ್ತ ಹೋದರೆ ತಲೆಯ ಮೇಲಿನ ಭಾರ ಬೆಳೆಯುತ್ತದೆ. ಭಾರ ಹೆಚ್ಚಿದಷ್ಟೂ ಕಂಪನದಲ್ಲಿ ಗೋಡೆಯ ಮೇಲೆ ಬೀಳುವ ಬಲ ಹೆಚ್ಚು. ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದಿಡುವ ಉದ್ದಗಲ್ಲುಗಳಿಲ್ಲದಿದ್ದರೆ ಗೋಡೆ ಎರಡಾಗಿ ಸೀಳುತ್ತದೆ, ಮಾಳಿಗೆ ಕುಸಿಯುತ್ತದೆ.

ಪರಿಹಾರ ತೀರ ದುಬಾರಿಯಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸುವುದು, ಗೋಡೆಯಲ್ಲಿ ಅಲ್ಲಲ್ಲಿ ಉದ್ದಗಲ್ಲು ಸೇರಿಸುವುದು, ಹೊಸ ಮನೆ ಕಟ್ಟುವಾಗ ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕುವುದು, ಇವು ಮುಖ್ಯ. ನಮ್ಮ ಮಾಳಿಗೆಗೆ ಈ ಸಲ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ತೆಗೆಯಲು ತಂದೆಯವರು ಒಪ್ಪಿದ್ದಾರೆ. ಮನೆಗೆ ಬಂದದ್ದು ಇಷ್ಟು.

ಭೂಕಂಪದ ದಿನವನ್ನೂ ಗಳಿಗೆಯನ್ನೂ ಮೊದಲೇ ಹೇಳುವ ವಿದ್ಯೆ ಇನ್ನೂ ಮಾನವನ ಕೈಸೇರಿಲ್ಲ. ಯಾವ ಗೋಡೆ ಬೀಳುವುದೆಂದು ಹೇಳುವ ವಿದ್ಯೆಯಾದರೋ ಇದೆ. ಸಹಪಾಠಿಗಳು ಬೇಸಿಗೆಯ ರಜೆಗೆ ಊರಿಗೆ ಹೋದಾಗ ತಮ್ಮ ತಮ್ಮ ಮನೆಯ ಗೋಡೆ, ಮಾಳಿಗೆಗಳನ್ನು ಒಮ್ಮೆ ಈ ದೃಷ್ಟಿಯಿಂದ ನೋಡಬೇಕೆಂದು ವಿನಂತಿ.