ಧಾರೆಯೊಳಗಿನ ದೊಡ್ಡ ಸುಳಿಗಳು

ನಿಂತ ನೀರಿನೊಳಕ್ಕೆ ಒಂದು ನಳಿಕೆಯಿಂದ ಬಣ್ಣದ ನೀರನ್ನು ರಭಸವಾಗಿ ಬಿಟ್ಟರೆ ಅದು ಶಂಕುವಿನಂತೆ ಅಗಲವಾಗುತ್ತ ಮುಂದೆ ಸಾಗುವುದು. ಇದನ್ನು ಧಾರೆ ಅಥವಾ ಜೆಟ್ ಎನ್ನುವರು. ತುಸು ದೂರ ಹೋಗುವಷ್ಟರಲ್ಲಿ ಅದರ ನಯವೆಲ್ಲ ಕೆಟ್ಟು ಹರಿವು ಕದಡಿಹೋಗುತ್ತದೆ. ಇಂಥ ಹರಿವಿಗೆ ಕ್ಷುಬ್ಧ ಪ್ರವಾಹವೆಂದು ಹೆಸರು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಅವರು ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯನ್ನು ಹರಿಯಿಸಿ, ನೇರವಾದ ಹರಿವು ಕ್ಷುಬ್ಧವಾಗುವ ಬಗೆಯನ್ನು ತೋರಿಸಿದರು. ಅನಂತರ ಬಹುಕಾಲ ವಿದ್ವಾಂಸರು ಬಹುಮಟ್ಟಿಗೆ ಕ್ಷೋಭೆಯನ್ನು ಬರಿಯ ಗೊಂದಲವೆಂದೇ ಎಣಿಸಿ, ಸರಾಸರಿಯ ಲೆಕ್ಕಗಳಲ್ಲಿ ತೃಪ್ತಿಪಟ್ಟರು.

ಕಲಾವಿಭಾಗದ ವಿದ್ಯಾರ್ಥಿಯಾದ ನನ್ನನ್ನು ಈ ವಿಷಯಕ್ಕೆ ಎಳೆದುದು ಒಂದು ಸಣ್ಣ ಲೆಕ್ಕ. ನಳಿಕೆಯ ವ್ಯಾಸದ 30ರಷ್ಟು ದೂರ ಹೋಗುವ ಹೊತ್ತಿಗೆ ಧಾರೆಯಲ್ಲಿ ಸಾಗುವ ನೀರು, ಹೊರಟಾಗ ಇದ್ದುದರ ಸುಮಾರು 9 ಪಟ್ಟಿಗೂ ಹೆಚ್ಚಾಗಿರುತ್ತದೆ. ಈ ಮಿಕ್ಕ ನೀರನ್ನೆಲ್ಲ ಧಾರೆಯು ಸುತ್ತಲಿನಿಂದ ತನ್ನೊಳಕ್ಕೆ ಸೆಳೆದುಕೊಂಡಿದೆ. ಬರಿಯ ಗೊಂದಲ ಇಷ್ಟು ದೊಡ್ಡ ಕೆಲಸ ಮಾಡೀತೆ?

1971ರಲ್ಲಿ ಕ್ರೋ ಮತ್ತು ಶಾಂಪೇನ್ ಎಂಬವರು ಗಾಳಿಯ ಧಾರೆಯನ್ನು ಧ್ವನಿವರ್ಧಕದಿಂದ ಮೆಲ್ಲನೆ ಅಲುಗಿಸಿ ನೋಡಿದರು. ಕಂಪನಸಂಖ್ಯೆಯನ್ನು ವ್ಯಾಸದಿಂದ ಗುಣಿಸಿ ವೇಗದಿಂದ ಭಾಗಿಸಿದಾಗ 0.3 ಬರುವೆಡೆ ಧಾರೆ ಎಲ್ಲಕ್ಕಿಂತ ಹೆಚ್ಚಾಗಿ ಓಗೊಟ್ಟಿತು. ಗೊಂದಲಕ್ಕೂ ಒಂದು ಮೆಚ್ಚಿನ ಶ್ರುತಿಯುಂಟೆಂದರೆ ಆಶ್ಚರ್ಯವಲ್ಲವೆ! 1974ರಲ್ಲಿ ಕ್ಯಾಲಿಫೋರ್ನಿಯದ ಬ್ರೌನ್ ಮತ್ತು ರಾಷ್ಕೊ ಅವರು ಹೀಲಿಯಂ ಮತ್ತು ನೈಟ್ರೋಜನ್ನುಗಳನ್ನು ಬೇರೆಬೇರೆ ವೇಗಗಳಲ್ಲಿ ಪಕ್ಕಪಕ್ಕದಲ್ಲಿ ಹರಿಯಿಸಿ ನೆರಳುಚಿತ್ರ ತೆಗೆದರು. ಅವೆರಡೂ ಬೆರೆಯುವ ಪದರದಲ್ಲಿ ಲಟ್ಟಣಿಗೆಗಳಂತೆ ದೊಡ್ಡ ಸುಳಿಗಳು ಸಾಲಾಗಿ ಉರುಳುತ್ತಿದ್ದವು. ನೆರೆಯ ಸುಳಿಗಳು ಕೂಡಿ ಒಂದಾಗುತ್ತವೆ. ಹೊರಗಿನ ದ್ರವವನ್ನು ಮೊಗೆಮೊಗೆದು ಒಳಗೆ ಹಾಕಿಕೊಳ್ಳುತ್ತವೆ. ಸಣ್ಣ ಸುಳಿಗಳು ಆಮೇಲೆ ಅದನ್ನು ನುಣ್ಣಗೆ ಕಲಸುವುವು.

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನದು. ಮೇಲೇರುವ ಮೋಡವೂ ಒಂದು ಬಗೆಯ ಧಾರೆಯೇ. ಆದರೆ ಆವಿಯು ಹನಿಯಾಗುವಾಗ ನಡುದಾರಿಯಲ್ಲಿ ಅದಕ್ಕೆ ಶಾಖ ಒದಗುತ್ತದೆ. ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಎಸ್. ಭಟ್ ಮತ್ತು ರೊದ್ದಂ ನರಸಿಂಹ ಅವರು ಇದನ್ನು ತೊಟ್ಟಿಯೊಳಗೆ ಅನುಕರಿಸಿದರು. ವಿದ್ಯುತ್ತನ್ನು ಹಾಯಿಸಿ, ನೀರಿನ ಧಾರೆಯನ್ನು ಹಾದಿಯ ಮಧ್ಯದಲ್ಲಿ ಕಾಯಿಸಿದರು. ಶಾಖದಿಂದ ಧಾರೆಯ ವೇಗ ಹೆಚ್ಚುವುದರಿಂದ ಅದು ಇನ್ನಷ್ಟು ನೀರನ್ನು ಸೆಳೆಯಬೇಕೆಂದು ನಾವು ಊಹಿಸುತ್ತೇವೆ. ಆದದ್ದು ಬೇರೆ. 1996ರಲ್ಲಿ ಅವರು ಪ್ರಕಟಿಸಿದಂತೆ, ಶಾಖವು ದೊಡ್ಡ ಸುಳಿಗಳ ಕಟ್ಟನ್ನೇ ಕೆಡಿಸಿತು. ಅದರೊಡನೆ ಸೆಳೆತವೂ ಇಳಿಯಿತು.

ಸುಳಿ ಕೆಟ್ಟರೆ ಸೆಳೆತ ಕೆಡುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಂಡಿಲ್ಲ. ಸುತ್ತಲ ಒಣಗಾಳಿಯನ್ನು ಮಿತಿಮೀರಿ ಕುಡಿದ ಮೋಡ ತೆಳುವಾಗಿ ಕರಗಿಹೋಗುತ್ತದೆ. ಕಡಿಮೆ ಕುಡಿದ ಮೋಡ ತನ್ನ ಒಡಲಿನ ತೇವವನ್ನು ಉಳಿಸಿಕೊಂಡು ಬಹಳ ಮೇಲಕ್ಕೆ ಏರಬಲ್ಲದು.