ಮೂಗೇಟು ಮಾಯುವ ಮುನ್ನ

ಹೊಲದ ಬದುವಿನ ಜಗಳದಲ್ಲಿ ದೊಣ್ಣೆ ಏಟು ಬಿದ್ದರೆ ನಮ್ಮ ಕಡೆ ಮೊದಲು ಊರ ಪಂಚಾಯ್ತಿ, ಆಮೇಲೆ ಠಾಣೆ, ಕೊನೆಗೆ ಆಸ್ಪತ್ರೆ. ಅಷ್ಟರಲ್ಲಿ ವಾರ ಉರುಳಿರುತ್ತದೆ. ಚರ್ಮ ಹರಿಯದೆ ಒಳಗೇ ರಕ್ತ ಹೆಪ್ಪುಗಟ್ಟಿದ ಮೂಗೇಟು ಸಾಮಾನ್ಯವಾಗಿ ಎರಡು ವಾರದಲ್ಲಿ ಗುರುತೇ ಸಿಗದಂತೆ ಮಾಯುತ್ತದೆ.

ಪಠ್ಯಪುಸ್ತಕದ ಪ್ರಕಾರ ಕಲೆ ಮೊದಲು ಕೆಂಪು, ಮೂರು ದಿನದವರೆಗೆ ನೀಲಿ, ನಾಲ್ಕನೇ ದಿನ ಕಪ್ಪು-ಕಂದು, 5-6ನೇ ದಿನ ಹಸಿರು, 7ರಿಂದ 12ನೇ ದಿನದವರೆಗೆ ಹಳದಿ. ಚೆಲ್ಲಿದ ರಕ್ತದ ಹಿಮೊಗ್ಲೋಬಿನ್ ಒಡೆಯುತ್ತಾ ಹೋದಂತೆ ಬಣ್ಣ ತಿರುಗುತ್ತದೆ. ಇದನ್ನು ಪಂಚಾಂಗದಂತೆ ನಂಬುವಂತಿಲ್ಲ. ವಯಸ್ಸು, ಏಟಿನ ಆಳ, ಮೈಬಣ್ಣ ಎಲ್ಲವೂ ಲೆಕ್ಕ ತಪ್ಪಿಸುತ್ತವೆ. ಕಪ್ಪು ಮೈಯಲ್ಲಿ ಹಸಿರು ಕಾಣದೆಯೇ ಹೋಗಬಹುದು. ಹಣೆಗೆ ಬಿದ್ದ ಏಟು ಮರುದಿನ ಕಣ್ಣಿನ ಸುತ್ತ ಕಪ್ಪಾಗಿ ಇಳಿಯುವುದೂ ಉಂಟು. ಹಾಗಾಗಿ ವೈದ್ಯರು ‘ಅಂದಾಜು’ ಎಂದು ಬರೆದರೆ ಬೇಸರ ಬೇಡ. ಬರೀ ಬಣ್ಣ ನೋಡಿ ಗಂಟೆ ಹೇಳುವವರನ್ನೇ ನಾನು ಅನುಮಾನಿಸುತ್ತೇನೆ.

ಆದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಿ. ಮುದ್ದೇನಹಳ್ಳಿಯವರಿಗೆ ಊರಲ್ಲೇ 2023ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿದೆ, ಹತ್ತಿರದ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾಸ್ಪತ್ರೆಯಿದೆ. ತುರ್ತು ಚಿಕಿತ್ಸೆಗೆ ಪೊಲೀಸ್ ಚೀಟಿ ಕಾಯಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮನೆ ಮರ್ಯಾದೆಗೆ ಅಂಜಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನಬೇಡಿ. ಆ ಮಾತು ಕೇಸ್ ಶೀಟಿನಲ್ಲಿ ಉಳಿದು ಮುಂದೆ ಪಾಟೀಸವಾಲಿನಲ್ಲಿ ನಿಮ್ಮ ಮೇಲೇ ತಿರುಗುತ್ತದೆ. ಯಾರು, ಯಾವಾಗ, ಯಾವುದರಿಂದ ಹೊಡೆದರೆಂದು ಹೇಳಿ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಕಲೆಯ ಜಾಗ, ಉದ್ದಗಲ, ಬಣ್ಣ ದಾಖಲಾಗಲಿ. ಒಳಪೆಟ್ಟು ಒಂದೆರಡು ದಿನ ತಡವಾಗಿ ಮೇಲೇಳಬಹುದು, ಎದ್ದರೆ ಮತ್ತೆ ತೋರಿಸಿ.

ಚಿಕಿತ್ಸೆಯ ಚೀಟಿಗಳನ್ನೂ ಎಸೆಯಬೇಡಿ, ನೋವು ಎಷ್ಟು ದಿನವಿತ್ತೆಂದು ತೋರಿಸಲು ಅವು ಬೇಕಾಗುತ್ತವೆ. ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಮಿನ ಸಾಧಾರಣ ಗಾಯವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದರೆ 15 ದಿನ ತೀವ್ರ ನೋವು ಅನುಭವಿಸಿದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ, 116ರಂತೆ ಅದು ಘೋರ ಗಾಯ. ಹಳೆಯ ಐಪಿಸಿಯಲ್ಲಿ ಈ ಅವಧಿ 20 ದಿನವಿತ್ತು.

ಬಂಧಿತರಿಗೂ ಹಕ್ಕಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ ಬಂಧನವಾದ ಕೂಡಲೇ ವೈದ್ಯರು ಪರೀಕ್ಷಿಸಿ, ಮೈಮೇಲಿನ ಗಾಯಗಳನ್ನೂ ಅವು ಆದ ಅಂದಾಜು ಸಮಯವನ್ನೂ ಬರೆಯಬೇಕು. ಅಗತ್ಯ ಕಂಡರೆ ಅವರು ಇನ್ನೊಮ್ಮೆ ಪರೀಕ್ಷಿಸಬಹುದು. ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಸೂಚಿಸಿದವರಿಗೆ ಸಿಗಬೇಕು, ಕೇಳಿ ಪಡೆಯಿರಿ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಸಹಾಯವಾಣಿ 15100.