ಥಾರ್‌ನ ಸುತ್ತಿಗೆ, ಬೆಟ್ಟದಪುರದ ಸಿಡಿಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕಾಲೇಜು ಹುಡುಗ ಹುಡುಗಿಯರಿಗೆ ಥಾರ್, ಲೋಕಿ, ಓಡಿನ್ ಈಗ ನೆಂಟರಷ್ಟು ಪರಿಚಿತರು. ಸಿನಿಮಾ, ಮೊಬೈಲ್ ಗೇಮುಗಳ ಪುಣ್ಯ. ಆ ಲೋಕದ ನೆರಳಿರುವ ಅದ್ಭುತ ಕಾದಂಬರಿಯೊಂದನ್ನು ಕನ್ನಡದಲ್ಲಿ ಬರೆಯಬೇಕು ಅಂತ ಯಾರಾದರೂ ಹೊಸ ಅಗ್ರಹಾರದಲ್ಲೋ ಹನಗೋಡಿನಲ್ಲೋ ನೋಟ್‌ಬುಕ್ ತೆರೆದು ಕೂತಿದ್ದರೆ ಈ ಸೂತ್ರಗಳು ಅವರಿಗೆ. ಬರೆಯುವ ಕಷ್ಟ ಆಮೇಲೆ ಇದ್ದೇ ಇದೆ. ಹುಡುಕಾಟದ ಸುಖವನ್ನು ಮೊದಲು ಅನುಭವಿಸಿ.

1. ಸಿನಿಮಾದ ಥಾರ್‌ನನ್ನು ಬಿಟ್ಟು ಹಳೆಯ ಪದ್ಯದ ಥಾರ್‌ನನ್ನು ಹಿಡಿಯಿರಿ. ಸುತ್ತಿಗೆ ಕಳವಾದಾಗ ಅವನು ಮದುವಣಗಿತ್ತಿಯ ವೇಷ ಹಾಕಿಕೊಂಡು ದೈತ್ಯನ ಮನೆಗೆ ಹೋಗುತ್ತಾನೆ. ಮುಸುಕಿನೊಳಗೇ ಊಟಕ್ಕೆ ಕೂತು ಒಂದು ಎತ್ತು, ಎಂಟು ಸಾಲ್ಮನ್ ಮೀನು ಖಾಲಿ ಮಾಡುತ್ತಾನೆ. ಮೂಡಲಪಾಯದ ಹಾಸ್ಯಗಾರನಿಗೆ ಸಿಕ್ಕಿದ್ದರೆ ಬೆಳಗಿನವರೆಗೆ ಎಳೆಯುತ್ತಿದ್ದ. ಈ ಪದ್ಯಗಳಿರುವ 13ನೇ ಶತಮಾನದ ಹಸ್ತಪ್ರತಿ ಮುನ್ನೂರು ವರ್ಷ ಡೆನ್ಮಾರ್ಕಿನಲ್ಲಿತ್ತು. 1971ರಲ್ಲಿ ಹಡಗಿನಲ್ಲಿ ಐಸ್‌ಲ್ಯಾಂಡಿಗೆ ಮರಳಿದಾಗ ಅದನ್ನು ಎದುರುಗೊಳ್ಳಲು ಬಂದರಿನಲ್ಲಿ ಜನ ನೆರೆದಿದ್ದರು. ಒಂದು ಪುಸ್ತಕಕ್ಕೆ!

2. ಆಮೇಲೆ ಸ್ನೋರಿ ಸ್ಟರ್ಲುಸನ್‌ನನ್ನು ಓದಿ. ಐಸ್‌ಲ್ಯಾಂಡ್ ಕ್ರೈಸ್ತವಾಗಿ ಇನ್ನೂರು ವರ್ಷ ಕಳೆದ ಮೇಲೆ, 1220ರ ಸುಮಾರಿಗೆ, ಹೊಸ ಕವಿಗಳಿಗೆ ಹಳೆಯ ದೇವರ ಕಥೆಗಳು ಮರೆತುಹೋಗಬಾರದೆಂದು ಅವನು ಎಡ್ಡಾ ಬರೆದ. ಅದು ಕವಿಗಳಿಗಾಗಿ ಬರೆದ ಕೈಪಿಡಿ, ಧರ್ಮಗ್ರಂಥವಲ್ಲ. ನಿಮಗೆ ಬೇಕಾಗಿರುವುದೂ ಅದೇ.

3. ಉತ್ತರದವರೆಲ್ಲ ಒಂದೇ ಅಂದುಕೊಳ್ಳಬೇಡಿ. ಫಿನ್‌ಲೆಂಡಿನ ಭಾಷೆಯ ಕುಲವೇ ಬೇರೆ. ಅದರ ಮಹಾಕಾವ್ಯ ಕಾಲೆವಾಲದಲ್ಲಿ ಥಾರ್ ಇಲ್ಲ, ಓಡಿನ್ ಇಲ್ಲ.

4. ಹೋಲಿಕೆ ಸಿಕ್ಕ ಕೂಡಲೇ ಹಿಗ್ಗಬೇಡಿ, ಅದು ಎಲ್ಲಿ ಮುರಿಯುತ್ತದೆ ನೋಡಿ. ಕಾಲೆವಾಲದ ಕಮ್ಮಾರ ಇಲ್ಮರಿನೆನ್ ಸಾಂಪೊ ಎಂಬ ಮಾಯಾವಸ್ತುವನ್ನು ಮಾಡಿಕೊಡುತ್ತಾನೆ. ಹಿಟ್ಟು, ಉಪ್ಪು, ಹಣ ಬೀಸಿ ಬೀಸಿ ಕೊಡುವ ಯಂತ್ರ ಅದು. ಅದಕ್ಕಾಗಿ ಯುದ್ಧವೇ ಆಗುತ್ತದೆ. ಈಗ ನಮ್ಮ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಥೆಗೆ ಬನ್ನಿ. ಅಲ್ಲಿಯ ಸಿದ್ದಪ್ಪಾಜಿ ನಿಡುಘಟ್ಟದ ಕಮ್ಮಾರರ ಮನೆಯ ಮಗ. ಗುರುವಿಗೆ ಶಿಷ್ಯನಾದ ಮೇಲೆ ತನ್ನದೇ ಕುಲದ ಹಲಗೂರಿನ ಪಾಂಚಾಳರ ಬಾಗಿಲಿಗೆ ಕಬ್ಬಿಣದ ಭಿಕ್ಷೆ ಬೇಡಲು ಹೋಗುತ್ತಾನೆ. ಅವರು ಕೊಡುವುದು ವಿಷ. ಇಲ್ಮರಿನೆನ್‌ಗೆ ಕುಲುಮೆಯೇ ಬಲ. ಸಿದ್ದಪ್ಪಾಜಿ ಕುಲುಮೆಯನ್ನು ಬಿಟ್ಟು ಬಂದವನು, ತನ್ನವರ ಮುಂದೆಯೇ ಜೋಳಿಗೆ ಒಡ್ಡಿದವನು. ನನ್ನನ್ನು ಕೇಳಿದರೆ, ಈ ಇಬ್ಬರು ಒಂದು ಸಂತೆಯಲ್ಲಿ ಎದುರಾದರೆ ಏನಾಗುತ್ತದೆ ಎಂಬ ಒಂದು ಪ್ರಶ್ನೆಗೆ ನಾನೂರು ಪುಟದ ಕಾದಂಬರಿ ಬರೆಯಬಹುದು.

5. ಸಿಡಿಲನ್ನೂ ಹೀಗೆಯೇ ನೋಡಿ. ಥಾರ್ ಸಿಡಿಲನ್ನು ದೈತ್ಯರ ಮೇಲೆ ಎಸೆಯುವ ದೇವರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟದ ಮೇಲಿರುವವನು ಸಿಡಿಲು ಮಲ್ಲಿಕಾರ್ಜುನ. ಸಿಡಿಲು ಬಂದು ಅವನಿಗೇ ಬಡಿಯುತ್ತದೆ ಎಂಬುದು ಜನರ ನಂಬಿಕೆ. ಹೊಡೆಯುವ ದೇವರ ಕಥೆ ಜಗತ್ತಿನಲ್ಲಿ ಬೇಕಾದಷ್ಟಿದೆ. ಹೊಡೆತ ತಿನ್ನುವ ದೇವರ ಬೆಟ್ಟವನ್ನು ಮೆಟ್ಟಿಲು ಹತ್ತಿಯೇ ನೋಡಿ ಬನ್ನಿ.

6. ಕಲ್ಲುಗಳನ್ನು ಓದಲು ಕಲಿಯಿರಿ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಚಿತ್ರಕಲ್ಲೊಂದರಲ್ಲಿ ಎಂಟು ಕಾಲಿನ ಕುದುರೆ ಏರಿ ಸವಾರ ಬರುತ್ತಾನೆ, ಹೆಣ್ಣೊಬ್ಬಳು ಕೊಂಬಿನಲ್ಲಿ ಪಾನೀಯ ಹಿಡಿದು ಎದುರುಗೊಳ್ಳುತ್ತಾಳೆ. ನಮ್ಮ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಓಡಿನ್‌ನ ಮನೆ ಸೇರಿದವರು ಕೊನೆಯ ಯುದ್ಧಕ್ಕಾಗಿ ದಿನವೂ ಕಾದಾಡಿ ತಯಾರಾಗಬೇಕು. ನಮ್ಮವನು ದನ ಬಿಡಿಸಲು ಹೋಗಿ ಸತ್ತು, ಮೇಲೆ ಹೋಗಿ ಆರಾಮಾಗಿ ಕೂರುತ್ತಾನೆ. ಊರ ಮುಂದೆ, ಹೊಲದ ಬದುವಿನಲ್ಲಿ ಇಂಥ ಕಲ್ಲು ಸಿಕ್ಕರೆ ಫೋಟೊ ತೆಗೆಯುವುದಷ್ಟೇ ಅಲ್ಲ, ಇಳಿಬಿಸಿಲಿನಲ್ಲಿ ನಿಂತು ನೋಡಿ. ಓರೆ ಬೆಳಕಿಗೆ ಸವೆದ ಗೆರೆಗಳು ಎದ್ದು ಕಾಣುತ್ತವೆ. ದಯವಿಟ್ಟು ಸುಣ್ಣ ಬಳಿಯಬೇಡಿ.

7. ಹೆಸರುಗಳನ್ನು ಹೊಸದಾಗಿ ಹುಟ್ಟಿಸಬೇಡಿ. ಟೋಲ್ಕಿನ್ 1937ರ ‘ಹಾಬಿಟ್’ನ ಕುಳ್ಳರ ಹೆಸರುಗಳನ್ನು ಎಡ್ಡಾ ಪದ್ಯದಿಂದಲೇ ಎತ್ತಿಕೊಂಡ. ನಿಮಗೆ ಎಪಿಗ್ರಾಫಿಯಾ ಕರ್ನಾಟಿಕಾ ಇದೆ. ತಾಲ್ಲೂಕುವಾರು ಶಾಸನ, ಪುಟಪುಟಕ್ಕೂ ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನವೊಂದರಲ್ಲೇ ಬೂತುಗ ಇದ್ದಾನೆ, ಮಣಲೇರ ಇದ್ದಾನೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯೂ ಇದೆ. ‘ಝೈರಾನ್’, ‘ಕ್ಸೆಲ್ಡಾರ್’ ಎಂಬಂಥ ಹೆಸರು ಕಂಡರೆ ನಾನಂತೂ ಪುಸ್ತಕ ಮುಚ್ಚುತ್ತೇನೆ.

8. ಹಾಡುವವರನ್ನು ಅವಸರಪಡಿಸಬೇಡಿ. ವೈದ್ಯನಾಗಿದ್ದ ಎಲಿಯಾಸ್ ಲೋನ್‌ರೊಟ್ ಹಳ್ಳಿಹಳ್ಳಿ ಸುತ್ತಿ ಹಾಡು ಬರೆದುಕೊಂಡು, ಹಲವರ ಹಾಡುಗಳನ್ನು ಹೊಲಿದು 1835ರಲ್ಲಿ ಕಾಲೆವಾಲ ತಂದ. 1849ಕ್ಕೆ ಅದು 50 ಹಾಡುಗಳಿಗೆ ಬೆಳೆಯಿತು. ಒಬ್ಬನೇ ಗಾಯಕ ಬಾಯಲ್ಲಿ ಮಹಾಕಾವ್ಯ ಕಟ್ಟುವುದು ಹೇಗೆ ಎಂದು ತಿಳಿಯಲು ಅದೇ ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಬಂದದ್ದು ಎಲ್ಲಿಗೆ ಗೊತ್ತೆ? ನಮ್ಮ ಬೆಳ್ತಂಗಡಿ ತಾಲ್ಲೂಕಿಗೆ. ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಕೂತು ಗೋಪಾಲ ನಾಯ್ಕರಿಂದ ತುಳು ಸಿರಿ ಪಾಡ್ದನ ದಾಖಲಿಸಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾದಾಗ ಅದು 15,683 ಸಾಲು. ಅವರು ಅಲ್ಲಿಂದ ಇಲ್ಲಿಗೆ ಬರಬಹುದಾದರೆ ನಾವು ನೀಲಗಾರರ ಹಾಡು ಕೇಳಲು ಕೆ.ಆರ್. ನಗರದಿಂದ ಕಪ್ಪಡಿ ಜಾತ್ರೆಗೆ ಹೋಗಲು ಏನು ಅಡ್ಡಿ?

9. ಹಿಮ ನೋಡಿಲ್ಲವೆಂದು ಕೊರಗಬೇಡಿ. ಐಸ್‌ಲ್ಯಾಂಡಿನ ತೋಟದ ಮನೆಗಳಲ್ಲಿ ಚಳಿಗಾಲದ ರಾತ್ರಿ ಉಣ್ಣೆ ಕೆಲಸ ಮಾಡುತ್ತ ಒಬ್ಬರು ಕಥೆ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ನಮ್ಮ ಹೊಗೆಸೊಪ್ಪಿನ ಬ್ಯಾರನ್ ಮುಂದೆಯೂ ಬೆಂಕಿ ಆರದಂತೆ, ಶಾಖ ಏರದಂತೆ ರಾತ್ರಿಯೆಲ್ಲ ಎಚ್ಚರವಿರಬೇಕು. ಅಲ್ಲಿ ಕೂತ ಅಜ್ಜನಿಗೆ ಒಂದು ಟೀ ಕೊಟ್ಟು ಕೂತರೆ ಪಿರಿಯಾಪಟ್ಟಣದ ಕಾಳಗದ ಪ್ರಸ್ತಾಪ ಬಂದರೂ ಬರಬಹುದು. ಮೈಸೂರಿನ ಸೈನ್ಯ ಕೋಟೆಗೆ ನುಗ್ಗುವಾಗ ಹೆಂಡತಿ ಮಕ್ಕಳನ್ನು ತಾನೇ ಕೊಂದು ಕಾದಾಡಿ ಮಡಿದ ವೀರರಾಜನ ಕಥೆ ಅದು. ಐಸ್‌ಲ್ಯಾಂಡಿನವರು ಕೇಳಿದ್ದರೆ ಅದನ್ನು ತಮ್ಮದೇ ಎನ್ನುತ್ತಿದ್ದರು.

10. ಮೈಸೂರಿಗೆ ಬಸ್ ಹತ್ತಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆಯುಧ, ವಾದ್ಯ, ಬೊಂಬೆ ಎಲ್ಲ ಇವೆ; ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಿಮ್ಮ ನಾಯಕಿ ಏನು ಹಿಡಿಯುತ್ತಾಳೆ ಎಂಬುದನ್ನು ಕಣ್ಣಾರೆ ಕಂಡು ಬರೆಯಿರಿ.

11. ಓದಿನ ರುಚಿ ಹತ್ತಿದವರು ಬರವಣಿಗೆಗೆ ಕೂರುವುದೇ ಇಲ್ಲ. ಅವರಿಗೊಂದು ಗಡುವು ಬೇಕು. ಕಪ್ಪಡಿಯಲ್ಲಿ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ ಜಾತ್ರೆ ಶಿವರಾತ್ರಿ ಹೊತ್ತಿಗೆ ಶುರುವಾಗುತ್ತದೆ. ಮೊದಲ ಕರಡನ್ನು ಅಷ್ಟರೊಳಗೆ ಮುಗಿಸಿ, ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕಾವೇರಿ ದಡದಲ್ಲಿ ತಂಬೂರಿ ಶ್ರುತಿ ಮಾಡಿಕೊಳ್ಳುತ್ತಿರುವ ನೀಲಗಾರರ ಪಕ್ಕ ಹೋಗಿ ಕೂರಿ.